ಹಳೆಯ ಗಣಕಯಂತ್ರಕ್ಕೆ ದೊಡ್ಡ ಹಾರ್ಡ್ ಡಿಸ್ಕ್

ನಮ್ಮ ಶಾಲೆಯ ಗಣಕಯಂತ್ರ ಕೊಠಡಿಯ ಮೂಲೆಯಲ್ಲಿರುವ 2001ರ ಯಂತ್ರವನ್ನು ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಅದನ್ನು ಗುಜರಿಗೆ ಹಾಕಬಾರದೇಕೆ ಎಂದು ಕೇಳುವ ಪಾಲಕರೂ ಉಂಟು. ಈ ವಾರ್ಷಿಕ ಸಂಚಿಕೆಯ ಹಿಂದಿನ ಹಲವು ವರ್ಷಗಳ ಬರಹಗಳು ‘ನುಡಿ’ ತಂತ್ರಾಂಶದಲ್ಲಿ ಬೆರಳಚ್ಚಾಗಿ, ಚಿತ್ರಗಳ ಸಮೇತ, ಅದರಲ್ಲೇ ಉಳಿದಿವೆ. ಅಂದಿನ ನುಡಿಯ ಕಡತಗಳು ಯುನಿಕೋಡಿನವಲ್ಲ. ತಕ್ಕ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು ಕಾಣುತ್ತವೆ. ಗಡಿನಾಡಿನ ಒಂದು ಕನ್ನಡ ಶಾಲೆಗೆ ಇದು ಸಣ್ಣ ನಷ್ಟವಲ್ಲ. ಆದುದರಿಂದ ಯಂತ್ರವನ್ನು ಉಳಿಸಿಕೊಂಡು, ತುಂಬಿಹೋಗಿರುವ ಅದರ 40 ಗಿಗಾಬೈಟಿನ ಡಿಸ್ಕನ್ನು ಬದಲಿಸುವುದೇ ಲೇಸೆಂದು ನಾವು ಭಾವಿಸುತ್ತೇವೆ.

ಆದರೆ ದೊಡ್ಡ ಡಿಸ್ಕ್ ತಂದು ಸಿಕ್ಕಿಸಿದ ಮಾತ್ರಕ್ಕೆ ಹಳೆಯ ಯಂತ್ರ ಅದನ್ನು ಪೂರ್ತಿ ಬಳಸಲಾರದು. ಕಾರಣವನ್ನು ತಿಳಿಯಲು ಹತ್ತನೆಯ ತರಗತಿಯ ಗಣಿತ ಸಾಕು.

ಡಿಸ್ಕಿನೊಳಗಿನ ಜಾಗವನ್ನು 512 ಬೈಟುಗಳ ಸಣ್ಣ ಸಣ್ಣ ಕೋಣೆಗಳನ್ನಾಗಿ ವಿಂಗಡಿಸಿರುತ್ತಾರೆ. ಇವಕ್ಕೆ ಸೆಕ್ಟರ್ ಎಂದು ಹೆಸರು. ಬೀದಿಯ ಮನೆಗಳಿಗಿರುವಂತೆ ಪ್ರತಿ ಸೆಕ್ಟರಿಗೂ ಒಂದು ಸಂಖ್ಯೆಯುಂಟು. ಹಳೆಯ ಯಂತ್ರಗಳು ಈ ಸಂಖ್ಯೆಯನ್ನು 28 ಬಿಟ್‌ಗಳಲ್ಲಿ ಬರೆಯುತ್ತಿದ್ದವು. ಒಂದು ಬಿಟ್ ಎಂದರೆ ಸೊನ್ನೆ ಅಥವಾ ಒಂದು. ಎರಡನ್ನು 28 ಸಲ ಗುಣಿಸಿದರೆ 26,84,35,456 ಬರುತ್ತದೆ. ಅಷ್ಟು ಕೋಣೆಗಳಿಗೆ ಮಾತ್ರ ಸಂಖ್ಯೆ ಕೊಡಬಹುದು. ಅದನ್ನು 512ರಿಂದ ಗುಣಿಸಿದರೆ ಸುಮಾರು 137 ಗಿಗಾಬೈಟ್. ಅಂತಹ ಯಂತ್ರಕ್ಕೆ 160 ಗಿಗಾಬೈಟಿನ ಡಿಸ್ಕ್ ಹಾಕಿದರೆ ಕೊನೆಯ 23 ಗಿಗಾಬೈಟ್ ಅದರ ಎಣಿಕೆಗೇ ಸಿಗದು. 2002ರಲ್ಲಿ ಬಂದ ಹೊಸ ಮಾನಕವು 48 ಬಿಟ್‌ಗಳನ್ನು ಬಳಸಿ ಈ ತೊಡಕನ್ನು ನೀಗಿಸಿತು. ನಮ್ಮ ಯಂತ್ರ ಅದಕ್ಕೂ ಹಿಂದಿನದು.

ಜಾಗ ಸಿಗದಿದ್ದರೆ ಹೋಗಲಿ ಎನ್ನಬಹುದು. ನಿಜವಾದ ಅಪಾಯ ಬೇರೆ. ಸ್ಕೂಟರಿನ ಮೀಟರು 99999 ದಾಟಿದೊಡನೆ 00000ಕ್ಕೆ ಮರಳುವುದನ್ನು ಕಂಡಿದ್ದೀರಷ್ಟೆ. ಡಿಸ್ಕ್ ಪೂರ್ತಿ ತನ್ನ ವಶದಲ್ಲಿದೆಯೆಂದು ತಿಳಿದು, 28 ಬಿಟ್‌ಗಳಲ್ಲೇ ಎಣಿಸುವ ಕಾರ್ಯಾಚರಣ ವ್ಯವಸ್ಥೆ ಎಲ್ಲೆ ದಾಟಿ ಬರೆಯಹೊರಟರೆ, ಸಂಖ್ಯೆ ಸೊನ್ನೆಗೆ ಮರಳಿ ಆ ಬರಹ ಡಿಸ್ಕಿನ ಮೊದಲ ಕೋಣೆಗಳ ಮೇಲೆ ಬೀಳಬಹುದು. ಕಡತಗಳು ಎಲ್ಲೆಲ್ಲಿವೆ ಎಂಬ ಲೆಕ್ಕ ಇರುವುದು ಬಹುಮಟ್ಟಿಗೆ ಅಲ್ಲಿಯೇ. ತಿಂಗಳುಗಟ್ಟಲೆ ಸರಿಯಾಗಿದ್ದ ಡಿಸ್ಕ್ ತುಂಬುತ್ತ ಬಂದಾಗ ಒಮ್ಮೆಲೇ ಕೆಡುವುದು ಹೀಗೆ. ವಿಂಡೋಸ್ ಎಕ್ಸ್‌ಪಿಯಲ್ಲಿ ಈ ದೋಷಕ್ಕೆ ಪರಿಹಾರ ಬಂದದ್ದು 2002ರ ಮೊದಲ ಸರ್ವಿಸ್ ಪ್ಯಾಕಿನಲ್ಲಿ.

ಬಯೋಸನ್ನು ನವೀಕರಿಸುವುದು ಒಂದು ದಾರಿ. ನಡುವೆ ವಿದ್ಯುತ್ ಹೋದರೆ ಯಂತ್ರವೇ ಮೂಕವಾದೀತು, ನಮ್ಮೂರಿನ ವಿದ್ಯುತ್ತನ್ನು ನಂಬಿ ಆ ಸಾಹಸಕ್ಕೆ ಇಳಿಯುವುದು ಬೇಡ. 48 ಬಿಟ್‌ಗಳನ್ನು ಅರಿತ ಬೇರೆ ಕಾರ್ಡನ್ನು ಹಾಕುವುದು ಇನ್ನೊಂದು ದಾರಿ. ಎಲ್ಲೆಯ ಒಳಗೇ ವಿಭಾಗಗಳನ್ನು ಮಾಡಿ ಉಳಿದದ್ದನ್ನು ಬಿಟ್ಟುಬಿಡುವುದು ಮೂರನೆಯದು. 23 ಗಿಗಾಬೈಟ್ ಹೋದರೂ ಇದೇ ಮೇಲೆಂಬುದು ನಮ್ಮ ಅಭಿಪ್ರಾಯ. ಒಂದು ಮಾತು: ತಯಾರಕರು ಸಾವಿರದ ಲೆಕ್ಕದಲ್ಲೂ ವಿಂಡೋಸ್ 1024ರ ಲೆಕ್ಕದಲ್ಲೂ ಎಣಿಸುವುದರಿಂದ, ಈ 137 ಪರದೆಯ ಮೇಲೆ 128 ಎಂದು ಕಾಣುತ್ತದೆ. ಅಂಗಡಿಯವರೊಡನೆ ಜಗಳ ಬೇಡ.

ಜೋಡಿಸುವ ಕೆಲಸ ಸುಲಭ. ಪ್ಲಗ್ಗನ್ನು ಕಿತ್ತು, ಪೆಟ್ಟಿಗೆಯ ಬರಿಯ ಲೋಹವನ್ನು ಮುಟ್ಟಿ ಮೈಯಲ್ಲಿನ ಸ್ಥಿರವಿದ್ಯುತ್ತನ್ನು ಕಳೆದುಕೊಳ್ಳಬೇಕು. ಒಂದೇ ಚಪ್ಪಟೆ ಕೇಬಲಿಗೆ ಎರಡು ಡಿಸ್ಕ್‌ಗಳನ್ನು ಹಾಕುವಾಗ ಹಿಂಬದಿಯ ಜಂಪರನ್ನು ಹಳೆಯದರಲ್ಲಿ ಮಾಸ್ಟರ್, ಹೊಸದರಲ್ಲಿ ಸ್ಲೇವ್ ಎಂದಿರಿಸಬೇಕು. ಕೇಬಲಿನ ಬಣ್ಣದ ಅಂಚು ಒಂದನೆಯ ಪಿನ್ನಿನ ಕಡೆಗಿರಲಿ. ಹಳೆಯ ಡಿಸ್ಕಿನ ಪಡಿಯಚ್ಚನ್ನು ಹೊಸದಕ್ಕೆ ಇಳಿಸಿದ ಮೇಲೆ ಹಳೆಯದನ್ನು ಕಳಚಿ, ಹೊಸದನ್ನು ಮಾಸ್ಟರ್ ಮಾಡಿದರಾಯಿತು. ಈ ಬಗೆಯ ಡಿಸ್ಕ್ ಈಗ ಸಿಗುವುದು ಹೆಚ್ಚಾಗಿ ಬಳಸಿದ ಬಿಡಿಭಾಗಗಳ ಅಂಗಡಿಗಳಲ್ಲಿ. ಆದುದರಿಂದ ಮೊದಲೇ ಪೂರ್ತಿ ಪರೀಕ್ಷಿಸುವುದು ಅಗತ್ಯ.

ಕೆಲಸ ಮುಗಿಯಿತೆಂದು ಒಡನೆ ಹಳೆಯ ಡಿಸ್ಕನ್ನು ಅಳಿಸಬಾರದು. ನುಡಿಯ ಹತ್ತಾರು ಕಡತಗಳನ್ನು ಹೊಸದರಲ್ಲಿ ತೆರೆದು, ಒತ್ತಕ್ಷರಗಳು ಸರಿಯಾಗಿವೆಯೇ ಎಂದು ಓದಿ ನೋಡಬೇಕು. ಆಮೇಲೆ ಅದಕ್ಕೆ ಇಸವಿಯ ಚೀಟಿ ಅಂಟಿಸಿ, ಫಾಂಟ್‌ಗಳ ಒಂದು ಪ್ರತಿಯೊಡನೆ, ಹಾಜರಿ ಪುಸ್ತಕಗಳಿರುವ ಕಪಾಟಿನಲ್ಲಿಡಬೇಕು.