ಇರುವೆ ಬಾರದ ಜಾಡಿಯಲ್ಲೊಂದು ಹೂಜಿ

ಅಕ್ಕಿಕಾಳಿನಷ್ಟು ಪುಟ್ಟ ಹೂಜಿ. ಮೇಲೊಂದು ಮುಚ್ಚಳ, ಬಾಯಿಯ ಸುತ್ತ ನುಣುಪಾದ ಅಂಚು. ಅಂಗಾಂಶ ಕೃಷಿ ಪ್ರಯೋಗಾಲಯದ ತಂಪು ಕೋಣೆಯಲ್ಲಿ ಗಾಜಿನ ಜಾಡಿಗೆ ಕಣ್ಣು ಹಚ್ಚಿ ನೋಡಿದವರು ಸುಲಭಕ್ಕೆ ಅಲ್ಲಿಂದ ಕದಲುವುದಿಲ್ಲ. ಇರುವೆಯಿರಲಿ, ಬೂಷ್ಟಿನ ಒಂದು ಎಳೆಯೂ ನುಸುಳಬಾರದ ಜಾಗವಿದು. ಇಲ್ಲಿ ಯಾರಿಗಾಗಿ ಈ ಬಲೆ?

ಕೀಟ ಹಿಡಿದು ತಿನ್ನುವ ಈ ಹೂಜಿ ಗಿಡದ ಹೆಸರು ನೆಪೆಂಥಿಸ್ ಖಾಸಿಯಾನ. ನೆಪೆಂಥಿಸ್ ಕುಲದಲ್ಲಿ ಭಾರತದ ಏಕೈಕ ಪ್ರಭೇದ, ತವರು ಮೇಘಾಲಯದ ಬೆಟ್ಟಗಳು. ಗಾರೊ ಜನರ ಬಾಯಲ್ಲಿ ಇದು 'ಮೆಮಾಂಗ್ ಕೊಕ್ಸಿ', ಅಂದರೆ ದೆವ್ವದ ಬುಟ್ಟಿ. ನೆಲೆ ನಾಶವಾಗಿ, ಕಿತ್ತು ಮಾರುವವರ ಕಾಟವೂ ಸೇರಿ ಅಳಿವಿನಂಚಿಗೆ ಬಂದಿದೆ. ವನ್ಯಜೀವಿ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಮೊದಲ ಪಟ್ಟಿಯಲ್ಲಿದೆ.

ಬೀಜ ಸಿಗುವುದೇ ಕಷ್ಟ. ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಎರಡೂ ಒಂದೇ ಹೊತ್ತಿಗೆ ಹೂಬಿಡಬೇಕು. ಬೀಜವೋ ನಡುವೆ ತುಸು ಉಬ್ಬಿದ ಕೂದಲೆಳೆ.

ಹಾಗಾಗಿ ಸಿಕ್ಕಷ್ಟನ್ನು ಜಾಡಿಯಲ್ಲೇ ಬೆಳೆಸುತ್ತಾರೆ. ಟಿಶ್ಯೂ ಕಲ್ಚರ್ ಬಾಳೆ ಕಂಡವರಿಗೆ ಈ ವಿಧಾನ ಹೊಸದಲ್ಲ. ಬೀಜವನ್ನು ಬ್ಲೀಚ್ ನೀರಿನಲ್ಲಿ ತೊಳೆದು, ಅಗರ್ ಎಂಬ ಲೋಳೆಯ ಮೇಲೆ ಇಳಿಸುತ್ತಾರೆ. ತೊಳೆದದ್ದು ಕಡಿಮೆಯಾದರೆ ಬೂಷ್ಟು, ಹೆಚ್ಚಾದರೆ ಭ್ರೂಣವೇ ಸಾಯುತ್ತದೆ. ಅಗರಿಗೆ ಬೆರೆಸುವ ಪೋಷಕಾಂಶಗಳ ಮಿಶ್ರಣ 1962ರಲ್ಲಿ ಮುರಾಶಿಗೆ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು ತಂಬಾಕಿನ ಅಂಗಾಂಶಕ್ಕೆಂದು ರೂಪಿಸಿದ್ದು. ಬಡ ಮಣ್ಣಿಗೆ ಒಗ್ಗಿದ ಹೂಜಿ ಗಿಡಕ್ಕೆ ಅದರ ಅರ್ಧವೋ ಕಾಲೋ ಸಾಕು.

ಯಾರಿಗಾಗಿ ಬಲೆ ಎಂಬ ಪ್ರಶ್ನೆಗೆ ಒಂದು ಸುಳಿವು ಇಲ್ಲೇ ಇರಬಹುದು. ಉತ್ತರ ಅಮೆರಿಕದ ಸರಸೇನಿಯಾ ಎಂಬ ಇನ್ನೊಂದು ಹೂಜಿ ಗಿಡಕ್ಕೆ ಸಾರಜನಕ ಹೆಚ್ಚು ಉಣಿಸಿದರೆ, ಅದು ಹೂಜಿ ಕಟ್ಟುವುದನ್ನು ಕಡಿಮೆ ಮಾಡಿ ಚಪ್ಪಟೆ ಎಲೆಗಳತ್ತ ವಾಲುತ್ತದೆ. ಬಲೆ ಹೆಣೆಯಲು ಕೀಟದ ಸುಳಿವೇ ಬೇಡ. ಗಿಡದ ಹಸಿವೂ ಅದರಲ್ಲಿ ಪಾತ್ರ ವಹಿಸುತ್ತದೆ.

ಇದಕ್ಕಿಂತ ಸೋಜಿಗದ ಸಂಗತಿ ಇನ್ನೊಂದಿದೆ. ಕಾಡಿನಲ್ಲೂ ಎಳೆಯ ಹೂಜಿ ಮುಚ್ಚಳ ಬಿಗಿದುಕೊಂಡೇ ಬೆಳೆಯುತ್ತದೆ, ಒಳಗಿನ ದ್ರವ ಸಾಮಾನ್ಯವಾಗಿ ಸೂಕ್ಷ್ಮಾಣುಗಳಿಲ್ಲದೆ ಶುದ್ಧವಾಗಿರುತ್ತದೆ. ಜಾಡಿಯನ್ನು ಹಾಗೆ ಶುದ್ಧಗೊಳಿಸಲು ಪ್ರಯೋಗಾಲಯಕ್ಕೆ ಆಟೋಕ್ಲೇವ್ ಎಂಬ ಹಬೆಯಂತ್ರ, 121 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಈ ಗಿಡ ಬರಿ ಎಲೆತುದಿಯಲ್ಲಿ ಅಂಥದೇ ಜಾಡಿ ಕಟ್ಟಿಕೊಂಡಿದೆ! ಖಾಸಿಯಾನದ ಮುಚ್ಚಿದ ಹೂಜಿಗೆ ಕೀಟದ ಚಿಪ್ಪಿನಲ್ಲಿರುವ ಕೈಟಿನ್ ಚುಚ್ಚಿದಾಗ, ಅದು ಶಿಲೀಂಧ್ರ ತಡೆಯುವ ರಾಸಾಯನಿಕಗಳನ್ನು ಸ್ರವಿಸಿತೆಂದು ಇಸ್ರೇಲಿನ ಸಂಶೋಧಕರು 2010ರಲ್ಲಿ ಪ್ರಕಟಿಸಿದರು. ಬೇಟೆ ಕೊಳೆತು ಹೂಜಿ ಕೆಡದಿರಲೆಂಬ ಏರ್ಪಾಡಿದಿರಬಹುದು.

ಜಾಡಿಯ ಸಸಿಗೆ ನಿಜವಾದ ಗಂಡಾಂತರ ಹೊರಬಂದ ಮೇಲೆ. ತೇವದಲ್ಲೇ ಬೆಳೆದ ಎಲೆಯ ಮೇಣದ ಪದರ ತೆಳು, ಒಣಗಾಳಿಗೆ ಬಾಡುತ್ತದೆ. ಅಗರ್ ತೊಳೆದು, ಪಾಚಿಯಲ್ಲಿ ನೆಟ್ಟು, ಪ್ಲಾಸ್ಟಿಕ್ ಹೊದಿಸುತ್ತಾರೆ. ಆಮೇಲೆ ದಿನಕ್ಕಿಷ್ಟು ಎಂದು ಅಂಚು ಎತ್ತುತ್ತಾ ಹೋಗುತ್ತಾರೆ. ಇರುವೆಗೆ ದಾರಿ ತೆರೆಯುವುದೂ ಆಗಲೇ.