ಸಾಹುಕಾರರ ವಿರುದ್ಧದ ದಂಗೆಯಿಂದ ಸಕ್ಕರೆ ಕಾರ್ಖಾನೆವರೆಗೆ: ಸಹಕಾರ ಚಳವಳಿ ಬೆಳೆದು ಬಂದ ಹಾದಿ

ಬಾರಾಮತಿ ಎಂದರೆ ತಕ್ಷಣ ನೆನಪಾಗುವುದು ಪವಾರ್ ಕುಟುಂಬದ ರಾಜಕಾರಣ ಮತ್ತು ಸಹಕಾರಿ ಸಕ್ಕರೆ ಕಾರ್ಖಾನೆಗಳು. ಆದರೆ ರೈತರಿಗೆ ಸಹಕಾರ ಸಂಘ ಏಕೆ ಬೇಕಾಯಿತು ಎಂಬುದಕ್ಕೂ ಪುಣೆ ಜಿಲ್ಲೆಯ ಈ ತಾಲೂಕಿನಲ್ಲೇ ಉತ್ತರವಿದೆ.

ಸುಪೆಯಲ್ಲಿ ನಡೆದದ್ದೇನು?

ಈಗಿನ ಬಾರಾಮತಿ ತಾಲೂಕಿನ ಸುಪೆ ಆಗ ವರ್ತಕರು, ಲೇವಾದೇವಿದಾರರು ನೆಲೆಸಿದ್ದ ದೊಡ್ಡ ಹಳ್ಳಿ. 1875ರ ಮೇ 12ರಂದು ಸುತ್ತಲಿನ ರೈತರು ಇಲ್ಲಿಗೆ ನುಗ್ಗಿ, ಸಾಹುಕಾರರ ಲೆಕ್ಕದ ಪುಸ್ತಕ ಮತ್ತು ಸಾಲಪತ್ರಗಳಿಗೆ ಬೆಂಕಿ ಹಚ್ಚಿದರು. ಅಮೆರಿಕದ ಅಂತರ್ಯುದ್ಧ 1865ರಲ್ಲಿ ಮುಗಿದ ಬಳಿಕ ಹತ್ತಿಯ ಬೆಲೆ ಕುಸಿದಿತ್ತು. ಭೂಕಂದಾಯ ಮಾತ್ರ ಏರಿತ್ತು. ಸಾಹುಕಾರರು ಹೊಸ ಸಾಲ ನಿಲ್ಲಿಸಿ, ಹಳೆಯದಕ್ಕೆ ಪಟ್ಟು ಹಿಡಿದರು. ದಂಗೆ ಅಹಮದ್‌ನಗರಕ್ಕೂ ಹಬ್ಬಿತು.

1879ರಲ್ಲಿ ಬಂದ ದಖನ್ ರೈತರ ಪರಿಹಾರ ಕಾಯ್ದೆ ಸಾಲಗಾರರಿಗೆ ಒಂದಿಷ್ಟು ರಕ್ಷಣೆ ಕೊಟ್ಟಿತು. ಆದರೆ ಬಿತ್ತನೆಗೆ ಹಣ ತರುವುದೆಲ್ಲಿಂದ ಎಂಬ ಪ್ರಶ್ನೆ ಹಾಗೇ ಉಳಿಯಿತು.

ಕನ್ನಡ ನೆಲದಲ್ಲಿ ಮೊದಲ ಹೆಜ್ಜೆ

ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ನೇಕಾರರು ಮತ್ತಿತರ ಕುಶಲಕರ್ಮಿಗಳು 1844ರಲ್ಲೇ ಸಹಕಾರಿ ಅಂಗಡಿ ತೆರೆದಿದ್ದರು. ಜರ್ಮನಿಯಲ್ಲಿ ರೈಫೈಸನ್ ಹಳ್ಳಿಗಳಲ್ಲಿ ಸಾಲ ಸಂಘಗಳನ್ನು ಕಟ್ಟಿದ್ದರು. ಇಂತಹ ಮಾದರಿಗಳನ್ನು ಆಧರಿಸಿ ಭಾರತದಲ್ಲಿ 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಜಾರಿಯಾಯಿತು. ಮರುವರ್ಷವೇ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘ, ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಎನಿಸಿತು. ಆಗ ಗದಗ, ಪುಣೆ ಎರಡೂ ಮುಂಬಯಿ ಪ್ರಾಂತ್ಯದಲ್ಲಿದ್ದವು. 1912ರ ಕಾಯ್ದೆ, ಸಾಲ ನೀಡುವುದಷ್ಟೇ ಅಲ್ಲದೆ ಇತರ ಉದ್ದೇಶದ ಸಂಘಗಳಿಗೂ ದಾರಿ ಮಾಡಿಕೊಟ್ಟಿತು.

ಸಾಲದಿಂದ ಸಕ್ಕರೆಗೆ

ಸ್ವಾತಂತ್ರ್ಯಾನಂತರ ವಿಠ್ಠಲರಾವ್ ವಿಖೆ ಪಾಟೀಲ್ ಮತ್ತು ಅರ್ಥಶಾಸ್ತ್ರಜ್ಞ ಧನಂಜಯರಾವ್ ಗಾಡ್ಗೀಳ್ ಅವರ ಶ್ರಮದಿಂದ ಪ್ರವರಾನಗರದಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆ ಆರಂಭವಾಯಿತು. ನೀರಾ ಕಾಲುವೆಯಿಂದಾಗಿ ಕಬ್ಬು ಬೆಳೆದ ಬಾರಾಮತಿಯಲ್ಲಿ ಮಾಳೇಗಾಂವ್, ಸೋಮೇಶ್ವರ ಕಾರ್ಖಾನೆಗಳು ಎದ್ದವು. ಇಲ್ಲಿ ಕಬ್ಬು ಬೆಳೆಗಾರನೇ ಷೇರುದಾರ. ಷೇರು ಎಷ್ಟೇ ಇರಲಿ, ಒಬ್ಬ ಸದಸ್ಯನಿಗೆ ಒಂದೇ ಮತ.

ಈಗಿನ ಸವಾಲು

ಆ ಮತಕ್ಕಾಗಿಯೇ ಕಾರ್ಖಾನೆ ಚುನಾವಣೆಗಳು ವಿಧಾನಸಭಾ ಕದನದಂತೆ ನಡೆಯುತ್ತವೆ. ಕಬ್ಬು ಪೂರೈಸಿದ 14 ದಿನದೊಳಗೆ ಹಣ ಪಾವತಿಸಬೇಕೆಂಬ ನಿಯಮವಿದ್ದರೂ ಬಾಕಿಯ ದೂರು ಕರ್ನಾಟಕ, ಮಹಾರಾಷ್ಟ್ರ ಎರಡರಲ್ಲೂ ಕೇಳಿಬರುತ್ತದೆ. 2021ರಲ್ಲಿ ಕೇಂದ್ರ ಸರ್ಕಾರ ಪ್ರತ್ಯೇಕ ಸಹಕಾರ ಸಚಿವಾಲಯ ತೆರೆದಿದೆ. ಆದರೂ ಸಂಘದ ಮೇಲೆ ಹಿಡಿತ ಉಳಿಯುವುದು ಸದಸ್ಯರು ವಾರ್ಷಿಕ ಸಭೆಗೆ ಬಂದು ಲೆಕ್ಕ ಕೇಳಿದಾಗ ಮಾತ್ರ. ಸುಪೆಯ ರೈತರಿಗೆ ಸಾಹುಕಾರನ ಪುಸ್ತಕ ನೋಡುವ ಹಕ್ಕಿರಲಿಲ್ಲ. ಇಂದಿನ ಸದಸ್ಯನಿಗೆ ಅದಿದೆ.