ನೆಂಟರ ಕೋಣೆ ಬಾಡಿಗೆಯ ಕೋಣೆಯಾದಾಗ

ಬೂವನಹಳ್ಳಿಯ ಸುತ್ತಿನ ಊರುಗಳಲ್ಲಿ ವಿಮಾನ ನಿಲ್ದಾಣದ ಮಾತು ಹಲವು ವರ್ಷಗಳಿಂದ ಕೇಳುತ್ತಲೇ ಇದೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಹಾಸನಾಂಬೆಯ ಬಾಗಿಲು ತೆರೆದಿರುವ ದಿನಗಳಲ್ಲಿ ಹಾಸನ ಪೇಟೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆಲೂಗೆಡ್ಡೆಗೆ ಅಂಗಮಾರಿ ಬಿದ್ದು ಕೈಸುಟ್ಟುಕೊಂಡ ರೈತನಿಗೆ, ತೋಟದ ಮನೆಯ ಎರಡು ಕೋಣೆಗಳನ್ನು ಪ್ರವಾಸಿಗರಿಗೆ ಕೊಟ್ಟರೆ ಹೇಗೆ ಎಂಬ ಯೋಚನೆ ಬಂದರೆ ಆಶ್ಚರ್ಯವೇನಿಲ್ಲ. ಯೋಚನೆ ಒಳ್ಳೆಯದೇ. ಆದರೆ ಕೋಣೆಗೆ ಸುಣ್ಣ ಬಳಿಸುವ ಮೊದಲೇ ವಿಮೆಯ ವಿಚಾರವನ್ನೂ ಮಾಡಬೇಕು.

ನಮ್ಮ ರೈತರಿಗೆ ವಿಮೆ ಎಂದರೆ ಬೆಳೆ ವಿಮೆ. 2016ರಿಂದ ಜಾರಿಯಲ್ಲಿರುವ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ರಾಗಿಗೆ ವಿಮಾ ಮೊತ್ತದ ಶೇಕಡಾ 2ರಷ್ಟು ಕಂತು ಕಟ್ಟಿದರಾಯಿತು. ಬೆಳೆ ಕಟಾವಿನ ಪ್ರಯೋಗದಲ್ಲಿ ಇಡೀ ಪ್ರದೇಶದ ಸರಾಸರಿ ಇಳುವರಿ ಕಡಿಮೆ ಬಂದರೆ ಪರಿಹಾರ ಬರುತ್ತದೆ. ಕಟ್ಟಡದ ವಿಮೆ ಹಾಗಲ್ಲ. ಅಲ್ಲಿ ಪಕ್ಕದವನ ನಷ್ಟ ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ. ಅರ್ಜಿಯಲ್ಲಿ ನೀವು ಏನು ಬರೆದಿದ್ದೀರಿ, ಸರ್ವೇಯರ್ ಬಂದಾಗ ಏನು ಕಂಡರು ಎಂಬುದರ ಮೇಲೆಯೇ ಎಲ್ಲವೂ ನಿಂತಿರುತ್ತದೆ.

ಎಡವುವುದೂ ಇಲ್ಲಿಯೇ. ಮನೆಗೆ ಮೊದಲೇ ಪಾಲಿಸಿ ಇದೆ, ಸಾಕು ಎಂದು ಸುಮ್ಮನಿರುವವರಿದ್ದಾರೆ. 2021ರ ಏಪ್ರಿಲ್ 1ರಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಒಂದೇ ಮಾದರಿಯಲ್ಲಿ ಮಾರುತ್ತಿರುವ ‘ಭಾರತ ಗೃಹ ರಕ್ಷಾ’ ಪಾಲಿಸಿ ವಾಸದ ಮನೆಗೆಂದು ಮಾಡಿದ್ದು. ನೆಂಟರು ಬಂದು ಉಳಿದರೆ ಅದು ವಾಸವೇ. ದುಡ್ಡು ಕೊಟ್ಟ ಅತಿಥಿ ಉಳಿದರೆ ವ್ಯಾಪಾರ. ಇದನ್ನು ಕಂಪನಿಗೆ ತಿಳಿಸದೆ ಮುಚ್ಚಿಟ್ಟರೆ, ಬೆಂಕಿ ಬಿದ್ದ ದಿನ ಪಾಲಿಸಿ ಬರೀ ಕಾಗದವಾದೀತು. ಸಣ್ಣ ವ್ಯಾಪಾರಗಳಿಗೆಂದು ಅದೇ ದಿನ ‘ಭಾರತ ಸೂಕ್ಷ್ಮ ಉದ್ಯಮ ಸುರಕ್ಷಾ’ ಎಂಬ ಪಾಲಿಸಿಯೂ ಬಂದಿದೆ. ಒಂದು ಸ್ಥಳದಲ್ಲಿ 5 ಕೋಟಿ ರೂಪಾಯಿವರೆಗಿನ ಆಸ್ತಿಗೆ ಇದು ಸಲ್ಲುತ್ತದೆ. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಭೂಕುಸಿತ ಇದರಲ್ಲಿ ಸೇರಿವೆ. ಎರಡು ಕೋಣೆಯವರಿಗೂ ಇದು ತೆರೆದಿದೆ.

ವಿಮಾ ಮೊತ್ತ ಬರೆಸುವಾಗ ಎರಡು ತಪ್ಪುಗಳಾಗುತ್ತವೆ. ವಿಮಾನ ನಿಲ್ದಾಣದ ಸುದ್ದಿ ಇರುವ ಕಡೆ ಜಮೀನಿನ ಬೆಲೆಯ ಗುಂಗಿನಲ್ಲಿ ಕೆಲವರು ಅದನ್ನೂ ಸೇರಿಸುತ್ತಾರೆ. ಜಮೀನು ಸುಡುವುದಿಲ್ಲ, ಕೊಚ್ಚಿ ಹೋಗುವುದಿಲ್ಲ. ಅದಕ್ಕೆ ಕಂತು ಕಟ್ಟುವುದು ದಂಡ. ಕಟ್ಟಡವನ್ನು ಮತ್ತೆ ಕಟ್ಟಲು ಬೇಕಾದ ಖರ್ಚನ್ನಷ್ಟೇ ಬರೆಸಬೇಕು. ಇನ್ನು ಕೆಲವರು ಕಂತು ಉಳಿಸಲೆಂದು ಮೊತ್ತವನ್ನು ಇಳಿಸುತ್ತಾರೆ. 20 ಲಕ್ಷದ ಕಟ್ಟಡಕ್ಕೆ 10 ಲಕ್ಷ ಮಾತ್ರ ಬರೆಸಿ, 4 ಲಕ್ಷದ ಹಾನಿಯಾಯಿತು ಎನ್ನಿ. ಮೊತ್ತ 10 ಲಕ್ಷವಿದೆಯಲ್ಲ, 4 ಲಕ್ಷವೂ ಬಂದೀತೆಂದು ಕಾಯುವವನಿಗೆ ಸಿಗುವುದು ಸುಮಾರು 2 ಲಕ್ಷ. ಅರ್ಧಕ್ಕೆ ವಿಮೆ ಮಾಡಿಸಿದ್ದರಿಂದ ಅರ್ಧವೇ ಪರಿಹಾರ. ಸೂಕ್ಷ್ಮ ಉದ್ಯಮದ ಪಾಲಿಸಿಯಲ್ಲಿ ಶೇಕಡಾ 15ರವರೆಗಿನ ಕೊರತೆಯನ್ನು ಮನ್ನಿಸುತ್ತಾರೆ, ಅದಕ್ಕಿಂತ ಹೆಚ್ಚನ್ನಲ್ಲ. ಪ್ರವಾಸಿಗರ ಕಣ್ಣಿಗೆ ಚೆಂದವೆಂದು ಗರಿ ಹೊದಿಸಿದ ಗುಡಿಸಲು ಹಾಕಿದ್ದರೆ ಅದನ್ನೂ ಅರ್ಜಿಯಲ್ಲಿ ಹೇಳಬೇಕು.

ಗೋಡೆಗಿಂತ ದೊಡ್ಡ ಅಪಾಯ ಅತಿಥಿಯದು. ಬಚ್ಚಲಿನಲ್ಲಿ ಜಾರಿ ಸೊಂಟ ಮುರಿದುಕೊಂಡರೆ, ಗಾಳಿಯಾಡದ ಬಚ್ಚಲಿನ ಗ್ಯಾಸ್ ಗೀಸರಿನಿಂದ ಉಸಿರು ಕಟ್ಟಿದರೆ, ಗೊರೂರಿನ ಹಿನ್ನೀರಿಗೆ ನಿಮ್ಮ ಮನೆಯ ಹುಡುಗನೇ ಕರೆದೊಯ್ದು ಅಲ್ಲಿ ಅವಘಡವಾದರೆ, ಹೊಣೆ ಯಾರದು? 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಗ್ರಾಹಕ ತಾನು ವಾಸಿಸುವ ಊರಿನ ಆಯೋಗದಲ್ಲಿಯೇ ದೂರು ಕೊಡಬಹುದು. ಎಂದರೆ ಬೆಂಗಳೂರಿನ ಅತಿಥಿಗಾಗಿ ನೀವು ಹೊಲ ಬಿಟ್ಟು ಬೆಂಗಳೂರಿಗೆ ಅಲೆಯಬೇಕಾದೀತು. ಈ ಹೊಣೆಗೆ ಸಾರ್ವಜನಿಕ ಹೊಣೆಗಾರಿಕೆಯ ವಿಮೆ ಬೇರೆಯೇ ಇದೆ. ಬೆಂಕಿಯ ಪಾಲಿಸಿಯಲ್ಲಿ ಇದು ಇದ್ದೇ ಇರುತ್ತದೆಂದು ತಿಳಿಯಬಾರದು. ಆದರೂ ಪಾಲಿಸಿಗಿಂತ ಮೊದಲು ಬಚ್ಚಲಿಗೊಂದು ಗಾಳಿಕಿಂಡಿ ಇಡಿಸಿ. ಅದರ ಖರ್ಚು ಒಂದೇ ಸಲ.

ಅತಿಥಿಗಳನ್ನು ಟ್ರ್ಯಾಕ್ಟರಿನ ಟ್ರೈಲರಿನಲ್ಲಿ ಕೂರಿಸಿ ತೋಟ ಸುತ್ತಿಸುವ ಹುಮ್ಮಸ್ಸು ಕೆಲವರಿಗೆ ಬರುತ್ತದೆ. ಟ್ರ್ಯಾಕ್ಟರಿನ ವಿಮೆ ಬೇಸಾಯದ ಕೆಲಸಕ್ಕೆ. ಬಿಳಿ ಬೋರ್ಡಿನ ಸ್ವಂತ ಕಾರಿನಲ್ಲಿ ಬಾಡಿಗೆ ಪಡೆದು ಹಳೇಬೀಡಿಗೆ ಕರೆದೊಯ್ಯುವುದೂ ಇದೇ ಬಗೆಯ ತಪ್ಪು. ಮನೆಬಳಕೆಯ ಸಿಲಿಂಡರಿನಲ್ಲಿ ವ್ಯಾಪಾರದ ಅಡುಗೆಯನ್ನೂ ಮಾಡುವಂತಿಲ್ಲ.

ಇಷ್ಟೆಲ್ಲ ಮಾಡಿದರೂ ವಿಮೆಗೆ ಸಿಗದ ನಷ್ಟವೊಂದಿದೆ: ಜನ ಬಾರದಿರುವುದು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ, ಒಂದು ಹೆಂಚೂ ಬೀಳದ ಹೋಂಸ್ಟೇಗಳೂ ಖಾಲಿಯಾದವು. 2020ರ ಮಾರ್ಚಿನ ಲಾಕ್‌ಡೌನ್‌ನಲ್ಲಂತೂ ಎಲ್ಲರ ಕೋಣೆಗಳಿಗೂ ಬೀಗ ಬಿತ್ತು. ವ್ಯಾಪಾರ ನಿಂತದ್ದಕ್ಕೆ ಕೊಡುವ ವಿಮೆಯೂ ಸಾಮಾನ್ಯವಾಗಿ ನಿಮ್ಮದೇ ಕಟ್ಟಡಕ್ಕೆ ಹಾನಿಯಾಗಿದ್ದರೆ ಮಾತ್ರ ಒದಗುತ್ತದೆ. ಆದ್ದರಿಂದ ಕೋಣೆ ನಂಬಿ ರಾಗಿ ಹೊಲವನ್ನು ಬೀಳು ಬಿಡುವುದು, ಎರಡು ಹಸುಗಳನ್ನು ಮಾರುವುದು ಜಾಣತನವಲ್ಲವೆಂದೇ ನನ್ನ ಅಭಿಪ್ರಾಯ. ಸಾಲ ಮಾಡಿ ಕಟ್ಟುವವರು, ಒಂದು ಹಂಗಾಮು ಪೂರ್ತಿ ಯಾರೂ ಬಾರದಿದ್ದರೂ ಬ್ಯಾಂಕಿನ ಕಂತು ಎಲ್ಲಿಂದ ಬಂದೀತೆಂದು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು.

ಕೋಣೆ ಗುಡಿಸುವ ಹೆಣ್ಣಾಳನ್ನೂ ಮರೆಯಬೇಡಿ. ವರ್ಷಕ್ಕೆ 20 ರೂಪಾಯಿಯ ಸುರಕ್ಷಾ ಬಿಮಾ ಯೋಜನೆಯಲ್ಲಿ 18ರಿಂದ 70 ವರ್ಷದವರಿಗೆ ಅಪಘಾತದ ಸಾವಿಗೆ 2 ಲಕ್ಷ ರೂಪಾಯಿ ಇದೆ. ಆಕೆಯ ಬ್ಯಾಂಕ್ ಖಾತೆಯಿಂದಲೇ ಇದನ್ನು ಮಾಡಿಸಬಹುದು.

ಹಾನಿಯಾದರೆ ಅವಶೇಷ ತೆಗೆಯುವ ಮೊದಲು ಫೋಟೋ ತೆಗೆದು ತಡಮಾಡದೆ ಕಂಪನಿಗೆ ತಿಳಿಸಬೇಕು. ಕಂಪನಿ ಒಪ್ಪದಿದ್ದರೆ ಮೊದಲು ಅವರಿಗೇ ಬರೆದು ದೂರು ಕೊಡಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸಮಾಧಾನವಾಗದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಕಂಪನಿಯ ನಿರಾಕರಣೆಯಾಗಿ ಒಂದು ವರ್ಷದೊಳಗೆ ಅರ್ಜಿ ಅಲ್ಲಿಗೆ ತಲುಪಿರಬೇಕು.